ಮೂರನೆಯ ಸಲದ ಮುಕ್ತಾಯ

ಹೊಸನಗರ
18 ನವೆಂಬರ್ 2024

ಪ್ರೀತಿಯ ಗೆಳೆಯ ನಾಗೇಂದ್ರನಿಗೆ,

ಉಮೇಶನ ನಮಸ್ಕಾರ. ನಾವಿಲ್ಲಿ ಕ್ಷೇಮ ಎಂದು ಮೊದಲ ಸಾಲಿನಲ್ಲೇ ಬರೆಯುವುದು ಪದ್ಧತಿ, ಬರೆದಿದ್ದೇನೆ. ಅದು ಎಷ್ಟರಮಟ್ಟಿಗೆ ನಿಜ ಎಂಬುದು ಮುಂದೆ ಓದಿದರೆ ನಿನಗೇ ತಿಳಿಯುತ್ತದೆ. ನಿನ್ನ ಪತ್ರ ಬಂದದ್ದು ದಸರೆಗೆ ಮುಂಚೆ. ನಾನು ಉತ್ತರಕ್ಕೆ ಕೂತಿರುವುದು ದೀಪಾವಳಿಯೂ ಕಳೆದ ಮೇಲೆ. ಅಂಚೆ ಕಚೇರಿಯಲ್ಲಿ ಊರವರ ಪತ್ರಗಳಿಗೆಲ್ಲ ಸೀಲು ಹೊಡೆದು ಈಗ ಪಿಂಚಣಿ ತಿನ್ನುತ್ತಿರುವವನು ತನ್ನದೊಂದು ಪತ್ರ ಹಾಕಲು ಇಷ್ಟು ತಡ ಮಾಡಿದ್ದಾನೆ. ಏನು ಬೈಯುತ್ತೀಯೋ ಬೈ, ಕೇಳಿಸಿಕೊಳ್ಳುತ್ತೇನೆ. ಫೋನು ಮಾಡಬಹುದಿತ್ತು. ಆದರೆ ಫೋನು ಹಿಡಿದರೆ ನಾನು ಬೆನ್ನುನೋವು, ಬಸ್ಸಿನ ಟೈಮು, ಪೇಟೆಯ ಸುದ್ದಿ ಇಷ್ಟನ್ನೇ ಮಾತಾಡಿ ಇಟ್ಟುಬಿಡುತ್ತೇನೆ. ನೀನು ಕಾರ್ಗಲ್ಲಿನ ಕಾಲೊನಿಯಲ್ಲಿದ್ದ ಕಾಲದಿಂದಲೂ ನಮ್ಮ ಒಳಗಿನ ಮಾತೆಲ್ಲ ಕಾಗದದ ಮೇಲೆಯೇ ನಡೆದದ್ದು. ಈಗ ನೀನು ಮಗಳ ಜೊತೆ ದಾವಣಗೆರೆಯಲ್ಲಿದ್ದೀಯೆಂದು ಆ ಅಭ್ಯಾಸ ಬಿಡುವುದು ಬೇಡ.

ಕಣ್ಣಿನ ಪೊರೆಯ ಆಪರೇಷನ್ ಸಲೀಸಾಗಿ ಆಯಿತೆಂದು ತಿಳಿದು ಸಮಾಧಾನವಾಯಿತು. ಡಾಕ್ಟರು ಹೇಳುವವರೆಗೆ ಓದಬೇಡ, ಪ್ರತಿಮಾಳೇ ಓದಿ ಹೇಳಲಿ. ಅಮ್ಮಾ ಪ್ರತಿಮಾ, ನಿನ್ನ ಅಪ್ಪ ಮನೆಯಲ್ಲಿ ಅಷ್ಟು ವರ್ಷ ಪಿಟೀಲು ಕುಯ್ದರೂ ನಿನಗೆ ತಾಳದ ಗಂಧ ಹತ್ತಲಿಲ್ಲ. ಬ್ಯಾಂಕಿನ ಲೆಕ್ಕ ಹತ್ತಿತು, ಒಳ್ಳೆಯದೇ ಆಯಿತು. ಅದಕ್ಕೇ ನಿನಗೂ ತಿಳಿಯುವ ಹಾಗೆ ಬಿಡಿಸಿ ಬರೆಯುತ್ತೇನೆ. ನಿನ್ನ ಅಪ್ಪನಿಗೆ ಬೇಸರ ಬಂದರೆ ಬರಲಿ.

ನವರಾತ್ರಿಯಲ್ಲಿ ಸಾಗರದ ಸಭೆಯವರು ನನ್ನನ್ನು ಮೃದಂಗಕ್ಕೆ ಕರೆದಿದ್ದರು. ಹಾಡಿದವನು ಶಿವಮೊಗ್ಗ ಕಡೆಯ ವಿನೋದ್ ಎಂಬ ಯುವಕ. ಒಳ್ಳೆಯ ಕಂಠ, ಹದವಾದ ಲಯ, ದೊಡ್ಡವರೆಂದರೆ ಗೌರವ. ದೊಡ್ಡ ಕೀರ್ತನೆಗೆ ಕಲ್ಯಾಣಿ ಎತ್ತಿಕೊಂಡ. ಸ್ವರವೆಲ್ಲ ಮುಗಿದ ಮೇಲೆ ನನಗೆ ತನಿ ಬಿಟ್ಟ. ತನಿ ಎಂದರೆ, ಪ್ರತಿಮಾ, ಹಾಡುವವರು ಸುಮ್ಮನಾಗಿ ಮೃದಂಗದವನೊಬ್ಬನಿಗೇ ಬಾರಿಸಲು ಬಿಡುವ ಹೊತ್ತು. ಸಭಿಕರ ಭಾಷೆಯಲ್ಲಿ ಕಾಫಿಗೆ ಏಳುವ ಹೊತ್ತು. ಲಯ ಬಲ್ಲವರು ಮತ್ತು ಕಾಲು ಜೋಮು ಹಿಡಿದವರು, ಇವರಿಬ್ಬರು ಮಾತ್ರ ಕೂತಿರುತ್ತಾರೆ.

ತನಿಯ ಕೊನೆಗೆ ಮುಕ್ತಾಯ. 'ತದಿಗಿಣತೊಂ' ಎಂದು ಮುಗಿಯುವ ಒಂದೇ ಜತಿಯನ್ನು ಮೂರು ಸಲ ಬಾರಿಸಬೇಕು. ಅಷ್ಟು ಹೊತ್ತೂ ಹಾಡುವವರ ಕೈ ತೊಡೆಯ ಮೇಲೆ ತಾಳ ಹಾಕುತ್ತಿರುತ್ತದೆ. ಆದಿತಾಳದ ಕೊನೆಯ ಎಣಿಕೆಗೆ ಪೆಟ್ಟಿಲ್ಲ. ಅಂಗೈಯನ್ನು ಮೇಲೆತ್ತಿ ತಿರುಗಿಸುವುದಷ್ಟೇ, ಹುಸಿ ಎನ್ನುತ್ತೇವೆ. ಆಮೇಲೆ ಕೈ ಕೆಳಗೆ ಬೀಳುತ್ತದೆ. ಆ ಪೆಟ್ಟಿಗೆ ಸರಿಯಾಗಿ ಮೂರನೆಯ ಸಲದ ಕಟ್ಟಕಡೆಯ 'ತೊಂ' ಬೀಳಬೇಕು, ಹಾಡುವವರು ಬಿಟ್ಟ ಸಾಲನ್ನು ಅಲ್ಲೇ ಎತ್ತಿಕೊಳ್ಳಬೇಕು. ಪೆಟ್ಟು, ತೊಂ, ಸಾಲು, ಮೂರೂ ಒಟ್ಟಿಗೆ. ಅದು ಕೂಡಿತೋ, ಕಾಫಿ ಕುಡಿದು ಬಂದವನೂ ಚಪ್ಪಾಳೆ ಹೊಡೆಯುತ್ತಾನೆ.

ಸಾಗರದಲ್ಲಿ ಕೂಡಲಿಲ್ಲ. ವಿನೋದನ ಕೈ ಬಿತ್ತು, ಸಾಲು ಎದ್ದಿತು, ನನ್ನ ತೊಂ ಆಮೇಲೆ ಬಿತ್ತು. ಮುಹೂರ್ತ ಮುಗಿದ ಮೇಲೆ ಬಂದ ನೆಂಟನ ಹಾಗೆ. ಪಿಟೀಲಿನವಳು ತಲೆ ತಗ್ಗಿಸಿದಳು. ವಿನೋದ ಒಂದು ಚೂರೂ ಮುಖ ಕೆಡಿಸಿಕೊಳ್ಳದೆ ಹಾಡಿಕೊಂಡು ಹೋದ. ಇಳಿದು ಬಂದ ಮೇಲೆ ಕಾಲಿಗೆ ನಮಸ್ಕಾರ ಮಾಡಿ "ಚೆನ್ನಾಗಿತ್ತು ಸಾರ್" ಎಂದ. ಬೈದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಸಭೆಯ ಕಾರ್ಯದರ್ಶಿ ರಾಜು ಮಾತ್ರ ಊಟದ ಪಂಕ್ತಿಯಲ್ಲಿ ಎಲ್ಲರ ಎದುರಿಗೇ, "ಎಂತ ಉಮೇಶಣ್ಣ, ಕಡೀಗೆ ಬಸ್ಸು ತಪ್ಪೋಯ್ತಾ?" ಎಂದ. ನಾನೂ ನಕ್ಕೆ. ಅನ್ನ ಗಂಟಲಲ್ಲಿ ಇಳಿಯಲಿಲ್ಲ.

ಒಂದು ಸಲವಾದರೆ ಕಣ್ಣು ಮುಚ್ಚಬಹುದಿತ್ತು. ಕಾರ್ತೀಕದಲ್ಲಿ ಕೆಳದಿಯ ದೇವಸ್ಥಾನದಲ್ಲಿ ವೀಣೆಗೆ ಕೂತೆ, ಅಲ್ಲಿಯೂ ಇದೇ ಕತೆ. ತೊಂ ತಡ. ವೀಣೆಯವರು ಹಿರಿಯರು, ನನ್ನ ಕಡೆ ಒಂದು ನೋಟ ನೋಡಿ ಮುಂದೆ ನುಡಿಸಿದರು. ಆಮೇಲೆ ಇನ್ನೊಂದು ಕಡೆಯವರು ಫೋನು ಮಾಡಿ, "ಸಾರ್, ಈ ಸಲ ತನಿ ಇಟ್ಕೊಳ್ಳೋದು ಬ್ಯಾಡ, ಟೈಮ್ ಕಡ್ಮೆ ಇದೆ" ಎಂದರು. ಸುದ್ದಿಗೆ ಕಾಲಿದೆ, ಅದು ಬಸ್ಸಿಗೂ ಕಾಯುವುದಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಪಾಠವನ್ನು ಈ ವಯಸ್ಸಿನಲ್ಲಿ ಕಲಿತಂತಾಯಿತು.

ಕಾರಣ ನನಗೆ ಗೊತ್ತು. ಅದನ್ನು ಯಾರಿಗೂ ಹೇಳಿಲ್ಲ, ಹೆಂಡತಿಗೂ ಹೇಳಿಲ್ಲ. ಇವತ್ತು ನಿನಗೆ ಬರೆಯುತ್ತೇನೆ.

ನನ್ನ ಅಕ್ಕ ವರದಮ್ಮ ತೀರಿಕೊಂಡು ಬರುವ ಫೆಬ್ರವರಿಗೆ ವರ್ಷ ತುಂಬುತ್ತದೆ. ಅವಳ ಹಾಡಿಗೆ ನಾನು ಮೃದಂಗ, ನೀನು ಪಿಟೀಲು. ನಾವು ಮೂವರೂ ಸುತ್ತದ ದೇವಸ್ಥಾನವಿಲ್ಲ, ತಿನ್ನದ ಪ್ರಸಾದವಿಲ್ಲ. ಅವಳ ಲಯ ಹೇಗಿತ್ತು ಎಂದು ನಿನಗೆ ಹೇಳಬೇಕಾಗಿಲ್ಲ, ಬಂಡೆ. ಒಂದೇ ಒಂದು ಜಾಗ ಬಿಟ್ಟು. ಮೂರನೆಯ ಸಲದ ಮುಕ್ತಾಯದ ಕೊನೆಯ ಹುಸಿಗೆ ಅವಳ ಕೈ ಮೇಲೆದ್ದು ಅಲ್ಲೇ ನಿಂತುಬಿಡುತ್ತಿತ್ತು. ಹೆಚ್ಚಲ್ಲ, ಅರ್ಧ ಉಸಿರು ಎಳೆಯುವಷ್ಟು ಹೊತ್ತು. ಆಮೇಲೆ ಬೀಳುತ್ತಿತ್ತು. ನಾನು ಲೆಕ್ಕಕ್ಕೆ ಸರಿಯಾಗಿ ಬಾರಿಸಿದರೆ ನನ್ನ ತೊಂ ಮೊದಲು ಬಿದ್ದು, ಅವಳು ತಡವಾಗಿ ಎತ್ತಿದಂತೆ ಕೇಳಿ ಸಭೆಗೆ ಗೊತ್ತಾಗಿಬಿಡುತ್ತದೆ. ಅದಕ್ಕೆ ನಾನು ಕೊನೆಯ 'ತದಿಗಿಣತೊಂ' ಅನ್ನು ಬಿಡಿಸಿ, ತ, ದಿ, ಎರಡಕ್ಕೂ ಒಂದೊಂದು ಎಳೆ ಜಾಸ್ತಿ ಕೊಟ್ಟು, 'ತಾ ದೀ ಗಿಣತೊಂ' ಮಾಡುತ್ತಿದ್ದೆ. ಅವಳ ಕೈಯೂ ನನ್ನ ತೊಂ ಕೂಡ ಒಟ್ಟಿಗೆ ಬೀಳುತ್ತಿದ್ದವು. ಯಾರಿಗೂ ತಿಳಿಯಲಿಲ್ಲ. ಕೆಲವರಂತೂ ಅದನ್ನೇ ಅಕ್ಕ ತಮ್ಮನ ವಿಶೇಷ ಎಂದು ಹೊಗಳಿದರು.

ಅವಳಿಗೆ ಯಾಕೆ ಹೇಳಲಿಲ್ಲ ಎಂದು ಪ್ರತಿಮಾ ಕೇಳಬಹುದು. ನಮಗಿಬ್ಬರಿಗೂ ತಾಳ ಹಾಕಿಸಿದವರು ತೀರ್ಥಹಳ್ಳಿಯ ಮಂಜುನಾಥಪ್ಪ ಮೇಷ್ಟ್ರು. ಅವರ ಶಾಸನ ಒಂದೇ: "ಪಕ್ಕದವರು ಎಡವಿದ್ರೆ ಅಲ್ಲೇ ಎತ್ಕೊಳ್ಳಿ. ಕೆಳಗಿಳಿದು ಆ ಮಾತು ಎತ್ತಿದ್ರೆ ನನ್ನ ಮನೆ ಮೆಟ್ಲು ಹತ್ಬೇಡಿ." ಹಾಗಾಗಿ ವೇದಿಕೆಯ ತಪ್ಪು ವೇದಿಕೆಯಲ್ಲೇ ಮಣ್ಣಾಗಬೇಕು. ಅಕ್ಕನ ಜೊತೆ ನಾನು ಜಗಳವಾಡದ ವಿಷಯವಿಲ್ಲ; ಭಾವನ ಅಂಗಡಿಯ ವಿಷಯಕ್ಕೂ, ಸಾರಿಗೆ ಹುಳಿ ಹೆಚ್ಚಾಯಿತೆಂಬ ವಿಷಯಕ್ಕೂ ಆಡಿದ್ದೇನೆ. ಈ ಒಂದನ್ನು ಮಾತ್ರ ಬಾಯಿ ಬಿಡಲಿಲ್ಲ. ನಿಜ ಹೇಳಲೇ? ಅದರಲ್ಲಿ ನನಗೆ ಒಂದು ಖುಷಿಯೂ ಇತ್ತು. ಅವಳ ಒಂದು ಕೊರತೆಯನ್ನು ಲೋಕದಲ್ಲಿ ನಾನೊಬ್ಬನೇ ಕಾಯುತ್ತಿದ್ದೇನೆ ಎಂಬ ಖುಷಿ.

ಅವಳಿದ್ದಷ್ಟು ದಿನ ಬೇರೆಯವರ ಹಾಡಿಗೆ ನಾನು ಕೂತವನಲ್ಲ. ಈಗ ಅವಳಿಲ್ಲ. ನನ್ನ ಕೈಗೆ ಅದು ಗೊತ್ತಾಗಿಲ್ಲ. ಯಾರದೇ ಕೈ ಹುಸಿಗೆ ಎದ್ದರೂ ನನ್ನ ಬೆರಳುಗಳು ತಾವಾಗಿಯೇ ತಾ ದೀ ಎಂದು ಬಿಡಿಸಿಕೊಂಡು ಕಾಯುತ್ತವೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ, ಇದು ಹುಟ್ಟುಗುಣವೂ ಅಲ್ಲ. ಮೊಮ್ಮಗ ಫೋನಿನಲ್ಲಿ ತಾಳದ ಯಂತ್ರ ಹಾಕಿಕೊಟ್ಟ. ಅದರ ಜೊತೆ ಎಷ್ಟು ಸಲ ಬಾರಿಸಿದರೂ ಕೂದಲೆಳೆ ತಪ್ಪುವುದಿಲ್ಲ. ಯಂತ್ರಕ್ಕೆ ಕೈಯಿಲ್ಲ ನೋಡು.

ಕೈ ಬೇಕಲ್ಲ ಎಂದು ಒಂದು ಮಧ್ಯಾಹ್ನ ನನ್ನ ಹೆಂಡತಿಯನ್ನು ಎದುರು ಕೂರಿಸಿಕೊಂಡೆ. ವಾಗ್ದೇವಿಯನ್ನು ನೀನು ಬಲ್ಲೆ, ಹೆಸರಿಗೆ ತಕ್ಕ ಬಾಯಿ. "ಎಂತ ಮಾರಾಯ್ರೆ, ಅದೇ ಕಡೇ ಚೂರು ಎಷ್ಟು ಸಲ ಬಾರಿಸ್ತೀರಿ? ಪಕ್ಕದ್ಮನೆಯವ್ರು ಕೇಳ್ತಿದ್ರು, ನಿಮ್ಮಲ್ಲಿ ಎಂತದೋ ಮುಗೀತಾನೇ ಇಲ್ವಲ್ಲ ಅಂತ" ಎನ್ನುತ್ತಲೇ ಕೂತು ತಾಳ ಹಾಕಿದಳು. ಮೂರನೆಯ ಸಲ ಅವಳ ಕೈ ಮೇಲೆದ್ದಿತು. ಬಳೆಗಳು ಮೊಣಕೈ ಕಡೆಗೆ ಜಾರಿದ ಸದ್ದು ಕೇಳಿತು. ನಾಗೇಂದ್ರ, ಅದು ವಾಗ್ದೇವಿಯ ಬಳೆಯ ಸದ್ದಲ್ಲ. ಇವಳು ತೊಡುವುದು ಎರಡೇ ಚಿನ್ನದ ಬಳೆ. ನನಗೆ ಕೇಳಿಸಿದ್ದು ಕೈತುಂಬ ಗಾಜಿನ ಬಳೆ, ಅಕ್ಕ ತೊಡುತ್ತಿದ್ದ ಹಸಿರು ಬಳೆ. ಮೇಲಕ್ಕೆ ಜಾರಿದ್ದು ಕೇಳಿತು, ಕೆಳಗೆ ಬಂದದ್ದು ಕೇಳಲಿಲ್ಲ. ನಾನು ಕಾದೆ. ಕಾದೇ ಇದ್ದೆ.

"ರೀ" ಎಂದು ಇವಳು ಕೂಗಿದಾಗಲೇ ಎಚ್ಚರವಾದದ್ದು. ಅವಳ ಮುಖ ಬಿಳಚಿಕೊಂಡಿತ್ತು. "ನೀವು ನನ್ನ ಕೈ ನೋಡ್ತಾ ಇರ್ಲಿಲ್ಲ. ಅದ್ರಿಂದ ಮೇಲೆ ಎಂತದೋ ನೋಡ್ತಿದ್ರಿ" ಎಂದಳು. ಅಂದಿನಿಂದ ತಾಳ ಹಾಕಲು ಬಾರೆ ಎಂದರೆ ಒಲೆಯ ಮೇಲೆ ಹಾಲಿದೆ ಎನ್ನುತ್ತಾಳೆ. ಕಣ್ಣು ಮುಚ್ಚಿ ಬಾರಿಸೋಣವೆಂದರೆ ಬಳೆ ಇನ್ನೂ ಜೋರಾಗಿ ಕೇಳುತ್ತದೆ. ನನಗೆ ಹೆದರಿಕೆಯಾಗಿದೆ, ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ.

ಇಷ್ಟರ ಮೇಲೆ ಅಕ್ಕನ ಮಗಳು ಧನ್ಯಶ್ರೀಯ ಫೋನು. ಈಗವಳು ತೀರ್ಥಹಳ್ಳಿಯ ಒಂದು ಶಾಲೆಯಲ್ಲಿ ಟೀಚರು. "ಮಾವ, ಅಮ್ಮನ ವರ್ಷದ ಕಾರ್ಯ ಆದ ಮೇಲೆ ಬರೋ ಭಾನುವಾರ ನಾನು ಹಾಡ್ತೀನಿ. ಪೂರ್ತಿ ಕಛೇರಿ. ಕಲ್ಯಾಣಿ, ತನಿ, ಎಲ್ಲಾ ಇರ್ಬೇಕು. ನೀವೇ ಬರ್ಬೇಕು, ಬೇರೆ ಯಾರ್ನೂ ಕರೆಯಲ್ಲ ನಾನು." ಮೊದಲ ಬಾರಿಗೆ ವೇದಿಕೆ ಹತ್ತುವ ಹುಡುಗಿ. ಊರೆಲ್ಲ ಅವಳ ತಾಯಿಯನ್ನು ಕೇಳಿದ ಊರು. ನನ್ನ ತೊಂ ತಡವಾಗಿ ಬಿದ್ದರೆ, ತಪ್ಪು ಯಾರದೆಂದು ಕೆಳಗೆ ಕೂತವರಿಗೆ ತಿಳಿಯುವುದಿಲ್ಲ. ವರದಮ್ಮನ ಮಗಳಿಗೆ ತಾಳ ನಿಲ್ಲುವುದಿಲ್ಲವಂತೆ ಎಂಬ ಮಾತು ಹುಟ್ಟುತ್ತದೆ. ಹೋಗದಿದ್ದರೆ ಆ ಮಗು ನೊಂದುಕೊಳ್ಳುತ್ತದೆ. ಹೋಗಲೋ ಬಿಡಲೋ, ನಿನಗೆ ತೋಚಿದ್ದನ್ನು ಪ್ರತಿಮಾಳ ಕೈಯಲ್ಲಿ ಬರೆಸು.

ಹೊಸ ಕಣ್ಣಿಗೆ ಒಳ್ಳೆಯದೇ ಕಾಣಲಿ.

ನಿನ್ನ
ಉಮೇಶ

ಹೊಸನಗರ
20 ಫೆಬ್ರವರಿ 2025

ಪ್ರಿಯ ನಾಗೇಂದ್ರ,

ಈಗ ನೀನೇ ಓದುವಂತಾಗಿದ್ದೀಯೆಂದು ಪ್ರತಿಮಾ ತಿಳಿಸಿದಳು, ಬಹಳ ಸಂತೋಷ. ಬಿಡಿಸಿ ಹೇಳುವ ಕಷ್ಟ ನನಗೂ ತಪ್ಪಿತು. ಕಛೇರಿ ಆದ ಮಾರನೆಯ ದಿನವೇ ಬರೆಯುತ್ತೇನೆ ಎಂದಿದ್ದೆ. ಎರಡು ಸಲ ಕಾಗದ ಮುಂದಿಟ್ಟುಕೊಂಡು ಎದ್ದೆ. ತಡವಾದದ್ದಕ್ಕೆ ಕ್ಷಮೆಯಿರಲಿ. ನೀನು ಬರೆಸಿದ್ದ ಎರಡೇ ಸಾಲಿನ ಉತ್ತರ, "ಹೋಗು, ಸುಮ್ಮನೆ ಹೋಗು, ಕೈಗೆ ಬುದ್ಧಿ ಹೇಳಬೇಡ", ಅದನ್ನು ಜೇಬಿನಲ್ಲಿಟ್ಟುಕೊಂಡೇ ತೀರ್ಥಹಳ್ಳಿಗೆ ಹೋದೆ. ಆದರೆ ಅದರಂತೆ ನಡೆಯಲಿಲ್ಲ. ದಾರಿಯುದ್ದಕ್ಕೂ ಕೈಗೆ ಬುದ್ಧಿ ಹೇಳಿಕೊಂಡೇ ಹೋದೆ.

ಹೊಳೆಯ ಹತ್ತಿರದ ಒಂದು ಕಲ್ಯಾಣ ಮಂಟಪದ ಮಹಡಿಯ ಹಾಲಿನಲ್ಲಿ ಏರ್ಪಾಡಾಗಿತ್ತು. ಭಾವ ಸುಬ್ಬರಾಯರು ಅಂಗಡಿಗೆ ಬಾಗಿಲು ಹಾಕಿ ಬಂದು ಮೊದಲನೆಯ ಸಾಲಿನಲ್ಲಿ ಕೂತಿದ್ದರು. ಅವರಿಗೆ ಸಂಗೀತ ಅಂದರೆ ಹೆಂಡತಿ, ಅಷ್ಟೇ. ರಾಗ ಯಾವುದೆಂದು ಇವತ್ತಿಗೂ ಗೊತ್ತಿಲ್ಲ. ಕುರ್ಚಿಯೆಲ್ಲ ತುಂಬಿ ಹಿಂದೆ ಜನ ನಿಂತಿದ್ದರು. ಬಂದವರೆಲ್ಲ ವರದಮ್ಮನನ್ನು ಕೇಳಿದ ಕಿವಿಗಳು. ಮಗಳನ್ನು ತೂಗಲೆಂದೇ ಬಂದಿದ್ದವು. ಧನ್ಯ ಕೈಗೆ ಬಳೆಯನ್ನೇ ತೊಟ್ಟಿರಲಿಲ್ಲ, ಒಂದು ಗಡಿಯಾರ ಮಾತ್ರ. ಅದನ್ನು ನೋಡಿ ನನಗೆ ಎಷ್ಟು ಹಗುರವಾಯಿತೆಂದು ನಿನಗೆ ಹೇಳಲಾರೆ. ಇವತ್ತು ಬಳೆ ಕೇಳುವುದಿಲ್ಲ, ಇವತ್ತು ಬದುಕಿದೆ ಎಂದುಕೊಂಡೆ.

ನಾವು ಹಾಡುಗಳನ್ನು ಹಿಂದಿನ ದಿನ ಒಮ್ಮೆ ನೋಡಿಕೊಂಡಿದ್ದೆವು. ತನಿಯನ್ನು ಯಾರೂ ಮೊದಲೇ ಬಾರಿಸಿ ನೋಡುವುದಿಲ್ಲ, ನಾವೂ ನೋಡಲಿಲ್ಲ. ಈ ಸಲ ತಾ ದೀ ಎಂದು ಎಳೆಯುವುದಿಲ್ಲ, ಯಂತ್ರದ ಜೊತೆ ಬಾರಿಸಿದ ಹಾಗೆಯೇ ನೆಟ್ಟಗೆ ಬಾರಿಸಿ ಮುಗಿಸುತ್ತೇನೆ ಎಂದು ನಿಶ್ಚಯಿಸಿದ್ದೆ. ಆಂಜನೇಯನಿಗೆ ಹರಕೆಯನ್ನೂ ಹೇಳಿಕೊಂಡೆ. ನಗಬೇಡ.

ಹುಡುಗಿ ಹಾಡಿದಳು ಮಾರಾಯ. ಮೊದಲ ಎರಡು ಕೃತಿಗಳಲ್ಲಿ ಗಂಟಲು ಸ್ವಲ್ಪ ಬಿಗಿಯಿತ್ತು. ಕಲ್ಯಾಣಿಗೆ ಬರುವಾಗ ಬಿಟ್ಟಿತು. ಆಲಾಪನೆಯಲ್ಲಿ ಒಂದು ಕಡೆ ತಾರಸ್ಥಾಯಿಗೆ ಹೋಗಿ ನಿಂತಾಗ ಭಾವ ಕೂತಲ್ಲೇ ಬೆನ್ನು ನೆಟ್ಟಗೆ ಮಾಡಿದರು. ಅವರಿಗೆ ರಾಗ ಗೊತ್ತಿಲ್ಲ, ಸ್ವರ ಯಾರದೆಂದು ಗೊತ್ತಾಯಿತು. ಸ್ವರ ಮುಗಿಸಿ ಧನ್ಯ ನನ್ನ ಕಡೆ ತಿರುಗಿ ತಲೆಯಾಡಿಸಿದಳು, ತನಿ ಬಿಟ್ಟಳು. ಯಾರೂ ಕಾಫಿಗೆ ಏಳಲಿಲ್ಲ. ಅದೊಂದು ಹೆದರಿಕೆ. ಎದ್ದು ಹೋಗುವ ಸಭೆಯ ಎದುರು ಬಾರಿಸಿ ಅಭ್ಯಾಸವಾದವನಿಗೆ ಕೂತ ಸಭೆ ಹುಲಿಯಂತೆ ಕಾಣುತ್ತದೆ.

ಕೈ ಚೆನ್ನಾಗಿ ಓಡಿತು. ಈಚೆಗೆ ಅಷ್ಟು ಚೆನ್ನಾಗಿ ಬಾರಿಸಿದ್ದೇ ಇಲ್ಲ. ಮುಕ್ತಾಯಕ್ಕೆ ಬಂದೆ. ಮೊದಲನೆಯ ಸಲ, ಸರಿ. ಎರಡನೆಯ ಸಲ, ಸರಿ. ಮೂರನೆಯದರ ಕೊನೆಗೆ ಬರುವಾಗ ಅವಳ ಕೈ ನೋಡಬಾರದೆಂದು ತಂಬೂರಿಯ ಪೆಟ್ಟಿಗೆಯ ಮೇಲೆ ಕಣ್ಣು ನೆಟ್ಟಿದ್ದೆ. ಆದರೂ ನೋಡಿದೆ. ಹುಸಿಗೆ ಕೈ ಮೇಲೆದ್ದಿತು. ಎದ್ದ ಕೈ ನಿಂತಿತು.

ನಿಂತಿತು ನಾಗೇಂದ್ರ. ಅದೇ ಎತ್ತರದಲ್ಲಿ, ಅದೇ ಅರ್ಧ ಉಸಿರು. ಕಿರುಬೆರಳು ಸ್ವಲ್ಪ ಹೊರಗೆ ಚಾಚಿದ್ದು ಸಹ ಹಾಗೆಯೇ. ನಿಶ್ಚಯ, ಹರಕೆ, ಯಂತ್ರ ಎಲ್ಲ ಎಲ್ಲಿಗೆ ಹೋದವೋ. ಬೆರಳುಗಳು ತಾ ದೀ ಎಂದು ಬಿಡಿಸಿಕೊಂಡವು. ಅವಳ ಕೈ, ನನ್ನ ತೊಂ, ಅವಳ ಸಾಲು ಮೂರೂ ಒಂದೇ ಕಡೆ ಬಿದ್ದವು. ಜನ ಚಪ್ಪಾಳೆ ನಿಲ್ಲಿಸಲಿಲ್ಲ. ಹಿಂದಿನಿಂದ ಯಾರೋ ಹಿರಿಯರು, "ವರದಮ್ಮ ಇದ್ದಂಗೇ ಇತ್ತಪ್ಪ" ಎಂದದ್ದು ವೇದಿಕೆಯವರೆಗೂ ಕೇಳಿತು. ನನ್ನ ಕಣ್ಣಿಗೆ ಮೃದಂಗದ ಬಾಯಿ ಮಂಜಾಯಿತು. ಉಳಿದ ಹಾಡುಗಳಿಗೆ ಏನು ಬಾರಿಸಿದೆನೋ ಕೇಳಬೇಡ.

ಮಂಗಳ ಮುಗಿದು ಎಲ್ಲರೂ ಎದ್ದ ಮೇಲೂ ನಾನು ಕೂತೇ ಇದ್ದೆ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂದು ಮನಸ್ಸಿನಲ್ಲಿ ಹೇಳಿಕೊಂಡೆ. ಅಕ್ಕನ ಕೊರತೆಯೂ ಮಗಳ ಕೈಗೆ ಇಳಿದು ಬಂದಿದೆ, ಅದನ್ನು ಕಾಯಲು ನಾನಿದ್ದೇನೆ ಎಂದು ಎಂಥ ಸಂತೋಷ! ಇಷ್ಟು ದಿನ ಹೆದರಿಸಿದ್ದು ಏನಿತ್ತೋ ಅದು ಆ ಹಾಲಿನಲ್ಲಿ ನನ್ನ ಹೆಗಲ ಮೇಲೆ ಕೈಯಿಟ್ಟು ಕೂತಂತಿತ್ತು. ಮೇಷ್ಟ್ರ ಶಾಸನದಂತೆ ಧನ್ಯಳಿಗೆ ಏನೂ ಹೇಳಲಿಲ್ಲ. "ಚೆನ್ನಾಗಿತ್ತು ಮಗಾ" ಎಂದೆ ಅಷ್ಟೇ. ಅವಳೂ ನನ್ನ ಕಾಲಿಗೆ ಬಿದ್ದು, "ನೀವಿದ್ದಿದ್ಕೆ ಧೈರ್ಯ ಬಂತು ಮಾವ" ಎಂದಳು. ಊಟಕ್ಕೆ ಭಾವನೇ ನಿಂತು ಬಡಿಸಿದರು. ಅಂದು ಅನ್ನ ಗಂಟಲಲ್ಲಿ ಇಳಿಯಿತು.

ಬೇರೆ ಸುದ್ದಿ: ಸಾಗರದ ರಾಜುವಿಗೂ ಕಛೇರಿಯ ರಾತ್ರಿಯೇ ವಿಷಯ ಮುಟ್ಟಿ, ಆಗಲೇ ಫೋನು ಮಾಡಿದ. ರಾಮನವಮಿಗೆ ಧನ್ಯಳನ್ನೂ ನನ್ನನ್ನೂ ಸೇರಿಸಿ ಕರೆದಿದ್ದಾನೆ, "ಉಮೇಶಣ್ಣ, ತನಿ ಜೋರಿರ್ಲಿ" ಎಂದಿದ್ದಾನೆ. ಮಾತು ತಿರುಗಿಸುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ವಾಗ್ದೇವಿ ನಿನಗೂ ಪ್ರತಿಮಾಳಿಗೂ ಅಪ್ಪೆಮಿಡಿ ಉಪ್ಪಿನಕಾಯಿ ಕಟ್ಟಿಟ್ಟಿದ್ದಾಳೆ, ಆ ಕಡೆ ಹೋಗುವವರು ಸಿಕ್ಕರೆ ಕಳಿಸುತ್ತೇನೆ. ಕಣ್ಣಿಗೆ ಔಷಧಿ ಬಿಡುವುದನ್ನು ಮರೆಯಬೇಡ. ಪ್ರತಿಮಾಳಿಗೆ ದೇವರು ಆಯುಸ್ಸು, ಆರೋಗ್ಯ ಕೊಡಲಿ. ನಿನ್ನಂಥ ತಂದೆಯನ್ನು ಸಾಕುವ ತಾಳ್ಮೆಯನ್ನೂ ಕೊಡಲಿ.

ಎಂದೆಂದಿಗೂ ನಿನ್ನ
ಉಮೇಶ

ಮರೆತ ಮಾತು: ಮರೆತಿಲ್ಲ. ಇದನ್ನು ಮೇಲೆ ಬರೆಯಲಾಗಲಿಲ್ಲ, ಎರಡು ಸಲ ಕಾಗದ ಬಿಟ್ಟು ಎದ್ದದ್ದು ಇದಕ್ಕೇ.

ಸೋಮವಾರ ಬೆಳಿಗ್ಗೆ ಧನ್ಯ ನನ್ನನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ಬಂದಿದ್ದಳು. ಮೃದಂಗವನ್ನು ಅವಳೇ ಹೊತ್ತಿದ್ದಳು, ಎಷ್ಟು ಬೇಡವೆಂದರೂ ಕೇಳಲಿಲ್ಲ. ಹೊಸನಗರದ ಬಸ್ಸು ಇನ್ನೂ ಬಂದಿರಲಿಲ್ಲ. ಕಲ್ಲುಬೆಂಚಿನ ಮೇಲೆ ಕೂತು ಅವಳು, "ಮಾವ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ" ಎಂದಳು. ಕೇಳು ಎಂದೆ.

"ಅಮ್ಮ ಕಡೇ ಸಲ ಪಾಠ ಹೇಳ್ದಾಗ ಎದ್ದು ಕೂರೋಕೂ ಆಗ್ತಿರ್ಲಿಲ್ಲ. ಮಲ್ಕೊಂಡೇ ಹಾಸಿಗೆ ಮೇಲೆ ತಾಳ ಹಾಕಿ ತೋರ್ಸಿದ್ರು. 'ಉಮಿ ಮಾವನ ಜೊತೆ ಹಾಡುವಾಗ ಒಂದು ನೆನಪಿಟ್ಕೋ. ಮೂರನೇ ಮುಕ್ತಾಯದಲ್ಲಿ ಅವ್ನ ಕೈ ಸ್ವಲ್ಪ ಎಳೆಯುತ್ತೆ, ಚಿಕ್ಕಂದಿನಿಂದ ಹಾಗೆ. ನೀನು ಹುಸಿಗೆ ಕೈ ಎತ್ತಿ ನಿಲ್ಸ್ಕೋ, ಅವ್ನು ಬಂದು ಮುಟ್ಟಿದ ಮೇಲೆ ಇಳ್ಸು. ಹಾಡೋರೇ ತಡ ಮಾಡಿದ್ರು ಅಂತ ಜನ ತಿಳ್ಕೊಳ್ಲಿ, ಪರ್ವಾಗಿಲ್ಲ. ಅವಂಗೆ ಮಾತ್ರ ಹೇಳ್ಬೇಡ, ನೊಂದ್ಕೋತಾನೆ' ಅಂದ್ರು. ನಾನು ಮನೇಲಿ ಅದನ್ನೇ ಸಾಧನೆ ಮಾಡ್ದೆ. ಹೇಳ್ಬಾರ್ದಿತ್ತೋ ಏನೋ. ನವರಾತ್ರೀಲಿ ಸಾಗರದಲ್ಲಿ ಆಗಿದ್ದು ಕೇಳಿ, ನಿಮಗೆ ಗೊತ್ತಾಗೋದೇ ಒಳ್ಳೇದು ಅನ್ಸ್ತು. ರಾಮನವಮಿಗೆ ಎಂತ ಮಾಡ್ಲಿ ಮಾವ? ಕೈ ನಿಲ್ಸ್ಲಾ, ಇಳಿಸ್ಲಾ?"

ನಾಗೇಂದ್ರ, ಅಕ್ಕ ತಡ ಮಾಡುತ್ತಾಳೆಂದು ನಾನು ಎಳೆದೆ. ನಾನು ಎಳೆಯುತ್ತೇನೆಂದು ಅವಳು ಕೈ ನಿಲ್ಲಿಸಿದಳು. ಯಾವತ್ತೋ ಒಂದು ದಿನ ಇಬ್ಬರಲ್ಲಿ ಒಬ್ಬರ ಕೈ ಒಂದು ಸಲ ಎಡವಿರಬೇಕು, ಅಷ್ಟೇ. ಆಮೇಲೆ ಆ ತಪ್ಪು ಯಾರದ್ದೂ ಆಗಿರಲಿಲ್ಲ. ಇಬ್ಬರೂ ಅದನ್ನು ಇನ್ನೊಬ್ಬರದೆಂದು ತಿಳಿದು ಜೀವಮಾನವಿಡೀ ಜೋಪಾನ ಮಾಡಿದೆವು. ನನ್ನ ಮಾನ ಉಳಿಸಲು ತಡಮಾಡಿದವಳು ಎನ್ನಿಸಿಕೊಳ್ಳಲೂ ಅವಳು ಸಿದ್ಧಳಿದ್ದಳು. ನಾನು ಅವಳ ಕೊರತೆ ಕಾಯುತ್ತಿದ್ದೇನೆಂದು ಒಳಗೊಳಗೇ ಬೀಗುತ್ತಿದ್ದೆ. ಒಂದೇ ಒಂದು ಸಲ, ಸಾರಿನ ಹುಳಿಗೆ ಜಗಳವಾಡಿದ ಹಾಗೆ ಇದಕ್ಕೂ ಆಡಿದ್ದರೆ ಆಗುತ್ತಿತ್ತು.

ಹುಡುಗಿ ನನ್ನ ಮುಖ ನೋಡುತ್ತ ಕೂತಿದ್ದಳು. ನಿಲ್ಲಿಸು ಎಂದು ಹೇಳಿಬಿಡಬೇಕೆಂದು ನಾಲಿಗೆಯ ತುದಿಯವರೆಗೆ ಬಂದಿತ್ತು. ಅವಳು ಕೈ ನಿಲ್ಲಿಸಿದಷ್ಟು ದಿನ ಅಕ್ಕ ನನ್ನ ಎಡಗಡೆ ಕೂತಿರುತ್ತಾಳೆ. ಆದರೆ ನಾಳೆ ಈ ಮಗು ಬೇರೆಯವರ ಮೃದಂಗಕ್ಕೆ ಹಾಡಬೇಕು. ಆಗ ಎತ್ತಿದ ಕೈ ಯಾರಿಗೆಂದು ಕಾಯಬೇಕು? ನನಗಾದದ್ದೇ ಅವಳಿಗೂ ಆಗುತ್ತದೆ. "ಇಳಿಸು ಮಗಾ" ಎಂದೆ. "ಲೆಕ್ಕಕ್ಕೆ ಸರಿಯಾಗಿ ಇಳಿಸು. ನಾನು ಬಂದು ಮುಟ್ಟುತ್ತೇನೆ." ಅಷ್ಟರಲ್ಲಿ ಬಸ್ಸು ಬಂತು. ಹತ್ತಿ ಕೂತೆ. ಹೊಸನಗರ ಬರುವವರೆಗೂ ಮುಖ ಕಿಟಕಿಯ ಕಡೆಗೇ ಇಟ್ಟಿದ್ದೆ.

ನನ್ನ ಎದುರು, ಅವಳ ಪಕ್ಕ, ಅಷ್ಟು ವರ್ಷ ಕೂತವನು ನೀನು. ಪ್ರತಿಸಲ ಆ ಜಾಗಕ್ಕೆ ಬಂದಾಗ ಕಮಾನು ಎತ್ತಿ ಹಿಡಿದು ನಮ್ಮಿಬ್ಬರ ಮುಖ ನೋಡಿ ಮೀಸೆಯಲ್ಲಿ ನಗುತ್ತಿದ್ದೆ. ಮೊದಲು ಎಡವಿದ್ದು ಯಾರೆಂದು ನಿನಗೆ ಗೊತ್ತಿರಲೇಬೇಕು. ಗೊತ್ತಿದ್ದರೂ ಬರೆಯಬೇಡ. ನಾನು ಕೇಳಬೇಕಾಗಿದ್ದದ್ದು ಅಕ್ಕನನ್ನು.